ರೇಷ್ಮೆ ಹುಳು ರಜೆ ಕೊಡಲ್ಲ
ವಯಸ್ಕರ ಶಿಕ್ಷಣಕ್ಕೆ ಜನರನ್ನು ಸೇರಿಸೋದು ಕಷ್ಟವಲ್ಲ. ಹೆಸರು ಬರೆದುಕೊಂಡರೆ ಮುಗೀತು. ಸೇರಿದವರು ಕೊನೆವರೆಗೂ ಉಳಿಯುತ್ತಾರಾ? ಪ್ರಶ್ನೆ ಇರೋದೇ ಅಲ್ಲಿ.

2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಸಾಕ್ಷರತೆ ಶೇ. 70ರ ಆಸುಪಾಸು, ರಾಜ್ಯದ್ದು ಶೇ. 75. ಹೆಣ್ಣುಮಕ್ಕಳದ್ದು ಇನ್ನೂ ಕಡಿಮೆ, ಸುಮಾರು ಶೇ. 62. ಕೇಂದ್ರ ಸರ್ಕಾರ 2022ರಲ್ಲಿ ತಂದ, ಈಗ ‘ಉಲ್ಲಾಸ್’ ಎನ್ನುವ ಯೋಜನೆ ಇರೋದು 15 ದಾಟಿದ ಇಂಥವರಿಗಾಗಿಯೇ.

ಈಗ ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆ ನೋಡಿ. ನಾಲ್ಕನೇ ಜ್ವರದಿಂದ ಎದ್ದ ಹುಳು ಸುಮಾರು ಒಂದು ವಾರ ಸೊಪ್ಪು ಹಾಕಿದಷ್ಟೂ ತಿನ್ನುತ್ತೆ. ಹಣ್ಣಾದ ಹುಳು ಚಂದ್ರಿಕೆ ಹತ್ತೋವರೆಗೂ ಆ ತಾಯಿಗೆ ಪುರುಸೊತ್ತಿಲ್ಲ. ತರಗತಿ ತಪ್ಪುತ್ತೆ. ವಾಪಸ್ ಬಂದರೆ ಪಾಠ ಮುಂದೆ ಹೋಗಿರುತ್ತೆ. ನಾಚಿಕೆಯಾಗಿ ಬಿಟ್ಟೇಬಿಡ್ತಾರೆ. ಚಿಂತಾಮಣಿ ಕಡೆ ಇನ್ನೊಂದು ತೊಡಕು: ಎಷ್ಟೋ ಮನೆಗಳಲ್ಲಿ ಆಡೋದು ತೆಲುಗು, ಕಲಿಯಬೇಕಾದ್ದು ಕನ್ನಡ ಅಕ್ಷರ.

ಇದನ್ನು ಸೋಮಾರಿತನ ಅಂತೀರಾ? ಕಲಿಸುವವರು ಸ್ವಯಂಸೇವಕರು, ಹುಳುವಿನ ಲೆಕ್ಕಕ್ಕೆ ತರಗತಿ ಹೊಂದಿಸೋಕೆ ಅಡ್ಡಿ ಏನು? ತಪ್ಪಿದ ಪಾಠ ಮತ್ತೆ ಹೇಳಿಕೊಡಿ. ಗೂಡಿನ ಮಾರುಕಟ್ಟೆಯ ಚೀಟಿಯನ್ನೇ ಪಾಠ ಮಾಡಿ: ತೂಕ ಎಷ್ಟು, ದರ ಎಷ್ಟು, ಕೈಗೆ ಬರೋದು ಎಷ್ಟು. ತನ್ನ ದುಡ್ಡಿನ ಲೆಕ್ಕ ತಾನೇ ಓದಿದ ತಾಯಿಯನ್ನು ಮಾರನೇ ದಿನ ಯಾರೂ ಕರೆಯಬೇಕಿಲ್ಲ.