ನೀರು, ನೀಲಿ ಮತ್ತು ನಿಧಾನದ ಕಣ್ಣು

ಮಲದಲ್ಲಿ ರಕ್ತ ಕಂಡರೆ ಗದಗ ಜಿಲ್ಲೆಯ ನಾಗಾವಿ, ಶಿರಹಟ್ಟಿ, ಮುಂಡರಗಿಯ ಕಡೆ ಮೊದಲು ಬರುವ ಮಾತು ‘ಮೂಲವ್ಯಾಧಿ’. ಬಹಳ ಸಲ ಅದು ಖರೆಯೂ ಹೌದು. ಆದರೆ ಕೆಲವೊಮ್ಮೆ ಆ ರಕ್ತ ಇನ್ನೂ ಒಳಗಿನಿಂದ, ದೊಡ್ಡ ಕರುಳಿನ ಗೋಡೆಯಲ್ಲಿ ಬೆಳೆದ ಪಾಲಿಪ್ ಎಂಬ ಗಂಟಿನಿಂದ ಬರುತ್ತದೆ. ಅಡಿನೋಮಾ ಜಾತಿಯ ಪಾಲಿಪ್‌ಗಳಲ್ಲಿ ಕೆಲವು ಮಾತ್ರ ಕ್ಯಾನ್ಸರ್ ಆಗುತ್ತವೆ. ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಕಣ್ಣಿಗೆ ಬಿದ್ದರೆ ಹೊಟ್ಟೆ ಕೊಯ್ಯದೆ, ಕೊಲೊನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಬಳುಕುವ ಕೊಳವೆ, ಅಂದರೆ ಸ್ಕೋಪು, ಒಳಬಿಟ್ಟು ನೋಡುವ ಪರೀಕ್ಷೆ) ನಡೆಯುವಾಗಲೇ ತಂತಿಯ ಕುಣಿಕೆ ಹಾಕಿ ಅದನ್ನು ತೆಗೆಯಬಹುದು. ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೊಮಿ ಶಿನ್ಯಾ 1969ರಲ್ಲೇ ಇದನ್ನು ಮಾಡಿದ್ದರು.

ತೆಗೆಯುವುದಕ್ಕಿಂತ ಕಾಣುವುದೇ ಕಷ್ಟ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಒಳಗೆಲ್ಲ ಮಡಿಕೆ, ತಿರುವು. ದೇಟು ಇರುವ ಪಾಲಿಪ್ ಸುಲಭವಾಗಿ ಸಿಗುತ್ತದೆ. ಗೋಡೆಗೇ ಅಂಟಿದ ಚಪ್ಪಟೆ ಪಾಲಿಪ್‌ಗೆ ಸುತ್ತಲಿನದೇ ಬಣ್ಣ. ಕರುಳಿನ ಬಲಭಾಗದಲ್ಲಿ ಲೋಳೆ ಹೊದ್ದು ಕೂತವಂತೂ ನುರಿತ ಕಣ್ಣನ್ನೂ ವಂಚಿಸುತ್ತವೆ. ಇಲ್ಲಿ ಕೈಹಿಡಿಯುವವು ಎರಡು ಸಾದಾ ವಸ್ತುಗಳು, ನೀರು ಮತ್ತು ನೀಲಿ ಬಣ್ಣ.

ಮೊದಲು ನೀರಿನ ಮಾತು. ರೂಢಿಯ ವಿಧಾನದಲ್ಲಿ ಗಾಳಿ ಇಲ್ಲವೇ ಕಾರ್ಬನ್ ಡೈಆಕ್ಸೈಡ್ ಊದಿ ಕರುಳನ್ನು ಉಬ್ಬಿಸಿ ಸ್ಕೋಪನ್ನು ಮುಂದೆ ತಳ್ಳುತ್ತಾರೆ. ಉಬ್ಬಿದ ಕರುಳು ಉದ್ದವಾಗುತ್ತದೆ, ತಿರುವುಗಳು ಬಿಗಿಯಾಗುತ್ತವೆ, ರೋಗಿಗೆ ನೋವಾಗುತ್ತದೆ. ಲಾಸ್ ಏಂಜಲೀಸ್‌ನ ಫೆಲಿಕ್ಸ್ ಲ್ಯೂಂಗ್ ಮತ್ತು ಸಂಗಡಿಗರು ಬೆಳೆಸಿದ ‘ನೀರು ಬದಲಿಸುವ’ ವಿಧಾನದಲ್ಲಿ ಒಳಹೋಗುವಾಗ ಗಾಳಿ ಬಂದ್. ಸ್ಕೋಪಿನ ತುದಿಯಿಂದ ಸ್ವಚ್ಛ ನೀರು ಬಿಡುತ್ತ, ಕದಡಿದ ನೀರನ್ನು ಆಗಲೇ ಹೀರುತ್ತ ಮುಂದೆ ಸಾಗುತ್ತಾರೆ. ಎಡಮಗ್ಗುಲಾಗಿ ಮಲಗಿದ ರೋಗಿಯಲ್ಲಿ ನೀರಿನ ಭಾರಕ್ಕೆ ಎಡಗರುಳಿನ ಬಾಗು ಸಡಿಲುತ್ತದೆ. ಸ್ಕೋಪು ಕೊನೆ ಮುಟ್ಟುವ ಹೊತ್ತಿಗೆ ದಾರಿಯೆಲ್ಲ ತೊಳೆದಿರುತ್ತದೆ. ನೋವು ಕಡಿಮೆ, ಅಡಿನೋಮಾ ಹೆಚ್ಚು ಕಾಣುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಒಳಹೋಗಲು ಹೆಚ್ಚು ಸಮಯ ಬೇಕು ಎಂಬುದೇ ಇದರ ಬೆಲೆ.

ಇನ್ನು ನೀಲಿ. ಇಂಡಿಗೊ ಕಾರ್ಮೈನ್ ಎಂಬ ಬಣ್ಣ ಬಟ್ಟೆಗೆ ಹಾಕುವ ನೀಲಿಯ ಕುಲದ್ದೇ. ನೀಲಿಗೆ ಗಂಧಕಾಮ್ಲ ಸೇರಿಸಿ ನೀರಲ್ಲಿ ಕರಗುವಂತೆ ಮಾಡಿದ್ದು. ಸ್ಕೋಪಿನೊಳಗಿನಿಂದ ತೆಳುವಾಗಿ ಸಿಂಪಡಿಸಿದರೆ ಕರುಳು ಅದನ್ನು ಹೀರುವುದಿಲ್ಲ. ಅದು ಗೆರೆ, ತಗ್ಗುಗಳಲ್ಲಿ ನಿಲ್ಲುತ್ತದೆ. ಸಪಾಟಾಗಿ ಕಾಣುತ್ತಿದ್ದ ಎರೆಹೊಲದ ಉಬ್ಬುತಗ್ಗು ಮಳೆನೀರು ನಿಂತಾಗ ತಿಳಿಯುವಂತೆ, ಚಪ್ಪಟೆ ಪಾಲಿಪ್‌ನ ಅಂಚು ಥಟ್ಟನೆ ಎದ್ದು ಕಾಣುತ್ತದೆ. ಮಿಥಿಲೀನ್ ಬ್ಲೂ ಬೇರೆ ರೀತಿ. ಕರುಳಿನ ಕೋಶಗಳೇ ಅದನ್ನು ಹೀರಿಕೊಳ್ಳುತ್ತವೆ, ಕೆಟ್ಟ ಕೋಶಗಳು ಸರಿಯಾಗಿ ಹೀರದೆ ಮಸುಕಾಗಿ ಉಳಿಯುತ್ತವೆ. ಬಣ್ಣ ಹಚ್ಚಿದ ಮೇಲೆ ಮೇಲ್ಮೈಯ ಸಣ್ಣ ರಂಧ್ರಗಳ ವಿನ್ಯಾಸ ನೋಡಿ ಪಾಲಿಪ್‌ನ ಜಾತಿ ಊಹಿಸುವ ಕ್ರಮವನ್ನು ಜಪಾನಿನ ಶಿನ್‌ಏ ಕುಡೊ ರೂಪಿಸಿದರು.

ಎಲ್ಲರಿಗೂ ಬಣ್ಣ ಸಿಂಪಡಿಸುವ ರೂಢಿಯಿಲ್ಲ. ಬಹಳ ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಹುಣ್ಣು, ಉರಿಯೂತ) ಇರುವವರಿಗೆ, ಲಿಂಚ್ ಸಿಂಡ್ರೋಮ್‌ನಂಥ ಆನುವಂಶಿಕ ಅಪಾಯವಿರುವವರಿಗೆ ಅದರ ಉಪಯೋಗ ಹೆಚ್ಚು. ಗುಂಡಿ ಒತ್ತಿದರೆ ಬೆಳಕಿನ ಬಣ್ಣ ಬದಲಿಸುವ ಯಂತ್ರಗಳೂ, ಪರದೆಯ ಮೇಲೆ ಪಾಲಿಪ್ ಗುರುತಿಸುವ ಕೃತಕ ಬುದ್ಧಿಮತ್ತೆಯೂ ಈಗ ಬಂದಿವೆ. ಆದರೂ ನೀರು, ನೀಲಿಗಳ ಹೆಚ್ಚುಗಾರಿಕೆ ಉಳಿದೇ ಇದೆ. ಸ್ಕೋಪು ಇರುವ ಆಸ್ಪತ್ರೆಗೆ ಇವು ಹೊಸ ಯಂತ್ರದ ಖರ್ಚು ತರುವುದಿಲ್ಲ. ಬೇಕಾದದ್ದು ತರಬೇತಿ ಮತ್ತು ತಾಳ್ಮೆ. ಆ ತಾಳ್ಮೆಗೆ ಫಲವೂ ಇದೆ: ವೈದ್ಯರು ಅಡಿನೋಮಾ ಪತ್ತೆಹಚ್ಚುವ ಪ್ರಮಾಣ ಶೇ 1ರಷ್ಟು ಹೆಚ್ಚಿದಂತೆ, ಅವರು ನೋಡಿದ ರೋಗಿಗಳಿಗೆ ಮುಂದೆ ಕರುಳಿನ ಕ್ಯಾನ್ಸರ್ ಬರುವ ಅಪಾಯ ಶೇ 3ರಷ್ಟು ಇಳಿಯುತ್ತದೆ ಎಂದು ಅಮೆರಿಕದ 2014ರ ದೊಡ್ಡ ಅಧ್ಯಯನವೊಂದು ಹೇಳಿತು.

ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳಿಗೆ ಇರುವಂಥ ಸರ್ಕಾರಿ ತಪಾಸಣೆ ನಮ್ಮಲ್ಲಿ ಕರುಳಿಗಿಲ್ಲ. ಆದ್ದರಿಂದ ಎಚ್ಚರ ನಮ್ಮದೇ ಆಗಬೇಕು. ರಕ್ತ ಹೋಗುವುದು, ಮಲವಿಸರ್ಜನೆಯ ಕ್ರಮ ಬದಲಾಗುವುದು, ಕಾರಣವಿಲ್ಲದೆ ರಕ್ತಹೀನತೆ ಬರುವುದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿರುವುದು: ಇವುಗಳಲ್ಲಿ ಒಂದಿದ್ದರೂ ಮಲ್ಲಸಮುದ್ರದ ಜಿಮ್ಸ್ (ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಆಸ್ಪತ್ರೆಯಲ್ಲೋ ಹುಬ್ಬಳ್ಳಿಯಲ್ಲೋ ವೈದ್ಯರನ್ನು ಕಾಣಿರಿ. ಪರೀಕ್ಷೆ ಬೇಕೆಂದರೆ ಮುನ್ನಾದಿನ ಕೊಟ್ಟ ಭೇದಿಯ ದ್ರಾವಣವನ್ನು ಬೇಸರಿಸದೆ, ಹೇಳಿದಷ್ಟೂ ಕುಡಿಯಿರಿ. ಕೊಳೆ ಉಳಿದ ಕರುಳಿನಲ್ಲಿ ಯಾವ ನೀಲಿಯೂ ಪಾಲಿಪ್ ತೋರಿಸಲಾರದು.