9008 ಎಂಬ ಹಿತ್ತಿಲ ಬಾಗಿಲು

ಮೊಬೈಲ್ ರಿಪೇರಿ ಅಂಗಡಿಗೆ ಡಿಸ್‌ಪ್ಲೇ ಒಡೆದುಕೊಂಡು ಬಂದವರು ಕಾರಣ ಹೇಳಲು ಹಿಂಜರಿಯುವುದಿಲ್ಲ. ಮಗು ಎಸೆಯಿತು, ಬೈಕಿನ ಹೋಲ್ಡರಿನಿಂದ ಹಾರಿತು, ಬಚ್ಚಲಲ್ಲಿ ಬಿತ್ತು ಎಂದು ಕೇಳದಿದ್ದರೂ ಹೇಳುತ್ತಾರೆ. ದನಿ ತಗ್ಗಿಸುವವನು ಬೇರೆ. ಅವನು ಕೌಂಟರಿನ ಮೇಲಿಡುವ ಫೋನಿನಲ್ಲಿ ಒಂದು ಗೀರೂ ಇರುವುದಿಲ್ಲ, ಆದರೆ ಪವರ್ ಬಟನ್ ಎಷ್ಟು ಹೊತ್ತು ಒತ್ತಿದರೂ ಅದು ಮಿಸುಕುವುದಿಲ್ಲ. "ಏನೂ ಮಾಡಿಲ್ಲ ಅಣ್ಣ, ರಾತ್ರಿ ಚಾರ್ಜಿಗೆ ಹಾಕಿದ್ದೆ, ಬೆಳಿಗ್ಗೆ ನೋಡಿದ್ರೆ ಡೆಡ್." ಬೆಂಚಿನ ಹಿಂದೆ ಕೂತವರಿಗೆ ಈ ಮಾತು ಹೊಸದಲ್ಲ. "ಯಾವ ಫೈಲ್ ಹೊಡೆದೆ ಹೇಳಪ್ಪ, ಬಯ್ಯಲ್ಲ."

ಬಯ್ಯುವುದಿಲ್ಲ ಎಂಬುದು ಬರೀ ಸೌಜನ್ಯವಲ್ಲ, ಅರ್ಧ ಚಿಕಿತ್ಸೆ ಆ ಉತ್ತರದಲ್ಲಿದೆ. ಬೇರೆ ಮಾಡೆಲ್‌ನ ಫೈಲ್ ಹಾಕಿದ್ದೋ, ಫೈಲ್ ಹೋಗುತ್ತಿರುವಾಗ ಕೇಬಲ್ ಅಲುಗಿತೋ, ಹೊಸ ಆವೃತ್ತಿಯಿಂದ ಹಳೆಯದಕ್ಕೆ ಇಳಿಯಲು ಹೋಗಿದ್ದೋ? ಒಂದೊಂದಕ್ಕೂ ದಾರಿ ಬೇರೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಎದುರಿನ ಗೂಡಂಗಡಿಯವರೆಗೆ ಈ ಕಸುಬಿನವರು ಕೆಲಸವನ್ನು ಹಾರ್ಡ್‌ವೇರ್, ಸಾಫ್ಟ್‌ವೇರ್ ಎಂದು ಎರಡು ಪಾಲು ಮಾಡಿಕೊಂಡಿದ್ದಾರೆ. ಸಾಫ್ಟ್‌ವೇರ್ ಪಾಲಿನಲ್ಲಿ ಪ್ಯಾಟರ್ನ್ ಲಾಕ್ ತೆಗೆಯುವುದು ದಿನದ ಕೂಲಿ. ಕೈ ಪಳಗಿದವರು ಮಾತ್ರ ಮುಟ್ಟುವುದು 'ಡೆಡ್ ಬೂಟ್' ಕೆಲಸವನ್ನು. ಕಂಪನಿ ಕೊಟ್ಟ ತಂತ್ರಾಂಶ ಕಿತ್ತು ಬೇರೆಯದನ್ನು ಕೂರಿಸಲು ಹೋಗಿ ಕೆಟ್ಟ ಫೋನನ್ನು ಮತ್ತೆ ಎಬ್ಬಿಸುವ ಕೆಲಸ ಅದು.

ಇದನ್ನೆಲ್ಲ ಹುಡುಗಾಟ ಎಂದು ತಳ್ಳಿಹಾಕುವವರು 2010-11ರಲ್ಲಿ ಆಂಡ್ರಾಯ್ಡ್ ಕೊಂಡ ಕನ್ನಡಿಗರನ್ನು ಕೇಳಬೇಕು. ಆಗ ಬಹುತೇಕ ಫೋನುಗಳಲ್ಲಿ ಕನ್ನಡವೆಂದರೆ ಸಾಲು ಸಾಲು ಚೌಕಗಳು. ಒಪೆರಾ ಮಿನಿಯ ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಬದಲಿಸಿದರೆ ಅದು ಕನ್ನಡ ಪುಟವನ್ನು ಚಿತ್ರದ ರೂಪದಲ್ಲಿ ತೋರಿಸುತ್ತಿತ್ತು. ಅಷ್ಟಕ್ಕೆ ತೃಪ್ತರಾಗದವರು ಫೋನನ್ನು ರೂಟ್ ಮಾಡಿ, ಅಂದರೆ ಅದರ ಪೂರ್ಣ ಹಿಡಿತ ಪಡೆದು, ಸಿಸ್ಟಂ ಫೋಲ್ಡರಿನೊಳಗೆ ಕನ್ನಡ ಫಾಂಟ್ ತುರುಕುತ್ತಿದ್ದರು. ಚೌಕ ಹೋಗಿ ಅಕ್ಷರ ಬರುತ್ತಿತ್ತು, ಆದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಫಾಂಟ್ ಫೈಲಿನ ಅನುಮತಿ ಹೆಚ್ಚುಕಡಿಮೆಯಾದರೆ ಫೋನು ಲೋಗೊದಲ್ಲೇ ಗಿರಕಿ ಹೊಡೆಯುತ್ತಿತ್ತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಗಳಿಗೆ ನೇರ ಬೆಂಬಲ ಕೊಟ್ಟ ಮೇಲೆ ಆ ಕಾಟ ತಪ್ಪಿತು. ಅಲ್ಲಿಯವರೆಗೆ ತನ್ನ ಭಾಷೆ ಓದಲು ಫೋನನ್ನು ಪಣಕ್ಕೊಡ್ಡಿದವನನ್ನು ಕಿಡಿಗೇಡಿ ಎನ್ನಲು ನನಗಂತೂ ಮನಸ್ಸಿಲ್ಲ.

ಈ ಚಟದ ಹುಟ್ಟಂತೂ ತಮಾಷೆಯದು. ಮೊದಲ ಆಂಡ್ರಾಯ್ಡ್ ಫೋನು, ಎಚ್‌ಟಿಸಿ ಡ್ರೀಮ್, ಅಮೆರಿಕದ ಅಂಗಡಿಗೆ ಬಂದದ್ದು 2008ರ ಅಕ್ಟೋಬರಿನಲ್ಲಿ. ಸಂದೇಶವೊಂದಕ್ಕೆ ಉತ್ತರವಾಗಿ 'ರೀಬೂಟ್' ಎಂದು ಟೈಪ್ ಮಾಡಿದವನೊಬ್ಬನ ಫೋನು ನಿಜಕ್ಕೂ ರೀಬೂಟ್ ಆಗಿಹೋಯಿತು! ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಹಿನ್ನೆಲೆಯಲ್ಲಿ ಯಜಮಾನನ ಆಜ್ಞೆ ಎಂದು ಪಾಲಿಸುವ ದೋಷ ಅದರಲ್ಲಿತ್ತು. ಗೂಗಲ್ ಬೇಗನೆ ಅದನ್ನು ಮುಚ್ಚಿತು, ಆದರೆ ಅಷ್ಟರಲ್ಲಿ ಒಳಹೊಕ್ಕವರು ಹೊಕ್ಕಾಗಿತ್ತು. ಮರುವರ್ಷ ಸ್ಟೀವ್ ಕಾಂಡಿಕ್ ಎಂಬ ಪ್ರೋಗ್ರಾಮರ್ ಸಯನೋಜೆನ್‌ಮಾಡ್ ಎಂಬ ಕಸ್ಟಮ್ ರಾಮ್, ಅಂದರೆ ಫೋನ್ ಕಂಪನಿಯದಲ್ಲದ ಆಂಡ್ರಾಯ್ಡ್, ಆರಂಭಿಸಿದರು. ಕಂಪನಿ ಕೈಬಿಟ್ಟ ಹಳೆಯ ಫೋನಿಗೂ ಹೊಸ ಆಂಡ್ರಾಯ್ಡ್ ಹಾಕಿಕೊಳ್ಳಬಹುದು ಎಂದು ಲೋಕಕ್ಕೆ ತೋರಿಸಿದ್ದು ಅದೇ. ಚೀನಾದ ಶವೋಮಿ ಕೂಡ 2010ರಲ್ಲಿ ಬೇರೆಯವರ ಫೋನಿಗೆ ಹಾಕುವ ಎಂಐಯುಐ ಎಂಬ ಕಸ್ಟಮ್ ರಾಮ್ ಆಗಿಯೇ ಶುರುವಾಯಿತು, ಸ್ವಂತ ಫೋನು ಬಂದದ್ದು ಮರುವರ್ಷ. ಭಾರತದಲ್ಲಿ ಸಯನೋಜೆನ್ ಬಳಸುವ ಹಕ್ಕು ಯಾರದು ಎಂದು 2014ರ ಡಿಸೆಂಬರಿನಲ್ಲಿ ಮೈಕ್ರೋಮ್ಯಾಕ್ಸ್ ಮತ್ತು ಒನ್‌ಪ್ಲಸ್ ದೆಹಲಿ ಹೈಕೋರ್ಟಿನಲ್ಲಿ ಜಗಳವಾಡಿದ್ದೂ ಉಂಟು. ಎರಡು ವರ್ಷಕ್ಕೆ ಸಯನೋಜೆನ್ ಕಂಪನಿಯೇ ಬಾಗಿಲು ಹಾಕಿತು. ಅದರ ಬೂದಿಯಿಂದೆದ್ದ ಲಿನಿಯೇಜ್ ಓಎಸ್ ಇಂದಿಗೂ ನಡೆದಿದೆ.

ಇನ್ನು ಕೆಟ್ಟ ಫೋನಿನ ವಿಷಯ. ಪವರ್ ಬಟನ್ ಒತ್ತಿದಾಗ ಮೊದಲು ಓಡುವುದು ಪ್ರೊಸೆಸರ್‌ನೊಳಗೇ ಕಾರ್ಖಾನೆಯಲ್ಲಿ ಅಚ್ಚೊತ್ತಿದ ಪುಟ್ಟ ಪ್ರೋಗ್ರಾಮು, ಬೂಟ್ ರಾಮ್. ಅದು ಸ್ಟೋರೇಜ್‌ನಲ್ಲಿರುವ ಮುಂದಿನ ಲೋಡರನ್ನು ಹುಡುಕಿ, ಅದರ ಡಿಜಿಟಲ್ ಸಹಿ ಸರಿಯಿದ್ದರೆ ಓಡಿಸುತ್ತದೆ. ಆ ಲೋಡರು ಬೂಟ್‌ಲೋಡರನ್ನು, ಬೂಟ್‌ಲೋಡರು ಕರ್ನೆಲ್ಲನ್ನು, ಕರ್ನೆಲ್ಲು ಆಂಡ್ರಾಯ್ಡನ್ನು ಎಬ್ಬಿಸುತ್ತವೆ. ಯಾವ ಹಂತ ಹಾಳಾಗಿದೆ ಎಂಬುದರ ಮೇಲೆ ರೋಗದ ತೀವ್ರತೆ ನಿಂತಿದೆ.

ಕೊನೆಯ ಹಂತ ಕೆಟ್ಟಿದ್ದರೆ ಲೋಗೊ ಬಂದು ಹೋಗಿ ಬಂದು ಹೋಗುತ್ತದೆ. ಗಾಬರಿ ಬೀಳುವಂಥದ್ದೇನಲ್ಲ. ವಾಲ್ಯೂಮ್ ಬಟನ್ ಹಿಡಿದು ಪವರ್ ಒತ್ತಿದರೆ ಫಾಸ್ಟ್‌ಬೂಟ್ ಅಥವಾ ರಿಕವರಿ ಎಂಬ ದುರಸ್ತಿ ಮೋಡ್ ತೆರೆಯುತ್ತದೆ. ಹಳೆಯ ಶವೋಮಿ ಫೋನುಗಳಲ್ಲಾದರೆ ಟೋಪಿ ಹಾಕಿದ ಮೊಲವೊಂದು ಆಂಡ್ರಾಯ್ಡ್ ಬೊಂಬೆಯನ್ನು ರಿಪೇರಿ ಮಾಡುತ್ತಿರುವ ಚಿತ್ರ ಬರುತ್ತದೆ. ಮೊಲ ಕಂಡರೆ ಮೆಕ್ಯಾನಿಕ್ ನಿರಾಳ. ಟಿಡಬ್ಲ್ಯುಆರ್‌ಪಿ ಎಂಬ ಕಸ್ಟಮ್ ರಿಕವರಿಯಲ್ಲಿ ಮೊದಲೇ ಪೂರ್ತಿ ಬ್ಯಾಕಪ್ ತೆಗೆದಿಟ್ಟವರು ಅದನ್ನೇ ಮರಳಿಸಿಕೊಂಡು ಮನೆಗೆ ಹೋಗಬಹುದು. ತೆಗೆದಿಡದವರಿಗೆ ಕಂಪನಿಯ ಮೂಲ ಫೈಲ್. ಸ್ಯಾಮ್‌ಸಂಗ್‌ಗೆ ಡೌನ್‌ಲೋಡ್ ಮೋಡ್ ಇದೆ, ಓಡಿನ್ ಎಂಬ ತಂತ್ರಾಂಶ ಇದೆ. ಹಸಿರು ಬಣ್ಣದಲ್ಲಿ 'ಪಾಸ್' ಬಂದರೆ ಮುಗಿಯಿತು. ಗ್ಯಾಲಕ್ಸಿ ಫೋನುಗಳಲ್ಲಿ ಬಟನ್ ಕೆಲಸ ಮಾಡದಿದ್ದಾಗ ಹಳಬರು ಬಳಸುತ್ತಿದ್ದ 'ಜಿಗ್' ಈಗಲೂ ಕೆಲವರ ಡ್ರಾಯರಿನಲ್ಲಿ ಸಿಗುತ್ತದೆ. ಮೈಕ್ರೋ ಯುಎಸ್‌ಬಿ ಪ್ಲಗ್ಗಿನ ನಾಲ್ಕು ಮತ್ತು ಐದನೆಯ ಪಿನ್‌ಗಳ ನಡುವೆ 301 ಕಿಲೋಓಮ್ ರೆಸಿಸ್ಟರ್, ಅಷ್ಟೇ. ನೂರರ ಮೂರು, ಒಂದರದ್ದೊಂದು ಸೇರಿಸಿ ಬೆಸುಗೆ ಹಾಕಿದರೆ ಆಯಿತು. ಚುಚ್ಚಿದೊಡನೆ ಫೋನು ತಾನೇ ಡೌನ್‌ಲೋಡ್ ಮೋಡಿಗೆ ಹೋಗುತ್ತಿತ್ತು.

ಬೂಟ್‌ಲೋಡರೇ ಹಾಳಾದಾಗ ಪರದೆ ಕಪ್ಪು. ವೈಬ್ರೇಟ್ ಇಲ್ಲ, ಚಾರ್ಜಿಂಗ್ ದೀಪವಿಲ್ಲ. ಸರ್ವಿಸ್ ಸೆಂಟರಿನಲ್ಲಿ "ಬೋರ್ಡ್ ಹೋಗಿದೆ" ಎಂದು ಹೇಳಿ ಫೋನಿನ ಬೆಲೆಯ ಅರ್ಧ ಕೇಳುವುದು ಇಂಥ ಹೊತ್ತಿನಲ್ಲೇ. ಆದರೆ ಬೋರ್ಡ್ ಹೋಗಿರುವುದಿಲ್ಲ. ಪ್ರೊಸೆಸರ್‌ನೊಳಗಿನ ಬೂಟ್ ರಾಮನ್ನು ಯಾವ ತಪ್ಪು ಫೈಲೂ ಅಳಿಸಲಾರದು. ಕ್ವಾಲ್ಕಾಮ್ ಚಿಪ್‌ಗಳಲ್ಲಿ ಮುಂದಿನ ಲೋಡರ್ ಸಿಗದೆ ಹೋದರೆ ಅದು ಯುಎಸ್‌ಬಿ ಕಡೆ ತಿರುಗಿ ಕಾಯುತ್ತದೆ. ಇದಕ್ಕೆ ಎಮರ್ಜೆನ್ಸಿ ಡೌನ್‌ಲೋಡ್ ಮೋಡ್, ಕಸುಬಿನವರ ಬಾಯಲ್ಲಿ ಇಡಿಎಲ್, ಎಂದು ಹೆಸರು. ಕಂಪ್ಯೂಟರಿನಲ್ಲಿ ಅದರ ಗುರುತು 9008.

ತಾನಾಗಿ ಆ ಮೋಡಿಗೆ ಬಾರದ ಫೋನನ್ನು ಬಲವಂತವಾಗಿ ತರಬೇಕಾಗುತ್ತದೆ. ಹಿಂದಿನ ಕವಚವನ್ನು ಬಿಸಿ ಮಾಡಿ ಬಿಡಿಸಿ, ಸ್ಕ್ರೂ ಕಳಚಿ, ಮೊದಲು ಬ್ಯಾಟರಿ ಕನೆಕ್ಟರ್ ಎತ್ತುತ್ತಾರೆ. ಬೋರ್ಡಿನ ಮೇಲೆ ಸಾಸಿವೆಗಿಂತ ಸಣ್ಣ ಎರಡು ತಾಮ್ರದ ಚುಕ್ಕೆಗಳಿರುತ್ತವೆ, ಟೆಸ್ಟ್ ಪಾಯಿಂಟ್. ಯಾವ ಮಾಡೆಲ್‌ನಲ್ಲಿ ಎಲ್ಲಿ ಎಂಬ ಫೋಟೊಗಳೇ ಈ ಕಸುಬಿನವರ ಆಸ್ತಿ. ಒಂದು ಕೈಯಲ್ಲಿ ಚೂಪು ಟ್ವೀಜರ್ ಹಿಡಿದು ಎರಡೂ ಚುಕ್ಕೆಗಳನ್ನು ಒಟ್ಟಿಗೆ ಮುಟ್ಟಿಸಿ, ಇನ್ನೊಂದು ಕೈಯಿಂದ ಕೇಬಲ್ ಚುಚ್ಚಬೇಕು. ಕೈ ನಡುಗಬಾರದು, ಪಕ್ಕದ ಬಿಡಿಭಾಗಕ್ಕೆ ತಗುಲಬಾರದು. ಕಂಪ್ಯೂಟರು ಟುಣ್ ಎಂದು, ಡಿವೈಸ್ ಮ್ಯಾನೇಜರಿನ ಪೋರ್ಟ್‌ಗಳ ಸಾಲಿನಲ್ಲಿ 'ಕ್ವಾಲ್ಕಾಮ್ ಎಚ್‌ಎಸ್-ಯುಎಸ್‌ಬಿ ಕ್ಯೂಡಿಲೋಡರ್ 9008' ಎಂಬ ಸಾಲು ಮೂಡಿದರೆ ಟ್ವೀಜರ್ ಎತ್ತಬಹುದು. ಪರದೆ ಇನ್ನೂ ಕಪ್ಪಗೇ ಇರುತ್ತದೆ, ಗಿರಾಕಿಗೆ ಏನೂ ಆದಂತೆ ಕಾಣುವುದಿಲ್ಲ. ಮೆಕ್ಯಾನಿಕ್ ಮಾತ್ರ ಚಹಾಕ್ಕೆ ಹೇಳುತ್ತಾನೆ.

ಆಮೇಲಿನದು ತಂತ್ರಾಂಶದ ಕೆಲಸ. ಸಹಾರಾ ಎಂಬ ಶಿಷ್ಟಾಚಾರದ ಮೂಲಕ ಒಂದು ಚಿಕ್ಕ ಪ್ರೋಗ್ರಾಮನ್ನು ಫೋನಿನ ಮೆಮೊರಿಗೆ ಕಳಿಸುತ್ತಾರೆ. ಅದರ ಹೆಸರು ಫೈರ್‌ಹೋಸ್. ಅದು ಎದ್ದು ಕೂತಮೇಲೆ ಕಂಪ್ಯೂಟರ್ ಹೇಳಿದ ವಿಭಾಗಗಳನ್ನೆಲ್ಲ ಸ್ಟೋರೇಜಿಗೆ ಬರೆದುಕೊಡುತ್ತದೆ. ನಡುವೆ ತಡವಾದರೆ 'ಸಹಾರಾ ಫೇಲ್' ಎಂಬ ಕೆಂಪು ಸಾಲು ಬರುತ್ತದೆ, ಮತ್ತೆ ಟ್ವೀಜರ್, ಮತ್ತೆ ಕೇಬಲ್. ಮೀಡಿಯಾಟೆಕ್ ಚಿಪ್‌ಗಳಲ್ಲೂ ವ್ಯವಸ್ಥೆ ಹೆಚ್ಚುಕಡಿಮೆ ಹೀಗೇ, ಅಲ್ಲಿ ಎಸ್‌ಪಿ ಫ್ಲ್ಯಾಶ್ ಟೂಲ್ ಮತ್ತು ಸ್ಕ್ಯಾಟರ್ ಫೈಲ್ ಎಂಬ ನಕ್ಷೆ.

ಹಿತ್ತಿಲ ಬಾಗಿಲು ಇದೆ ಎಂದಮೇಲೆ ಎಲ್ಲ ಸುಸೂತ್ರವಾಗಬೇಕಿತ್ತು. ಆಗದಿರುವುದಕ್ಕೆ ಕಾರಣ, ಫೈರ್‌ಹೋಸ್ ಫೈಲಿಗೂ ಫೋನ್ ಕಂಪನಿಯ ಸಹಿ ಬೇಕಿರುವುದು. ಬಾಗಿಲನ್ನು ಚಿಪ್ ತಯಾರಕ ಇಟ್ಟ, ಕೀಲಿಯನ್ನು ಫೋನ್ ತಯಾರಕ ಇಟ್ಟುಕೊಂಡ. ಇದರ ಬಿಸಿ ನಮ್ಮಲ್ಲಿ ಚೆನ್ನಾಗಿ ತಟ್ಟಿದ್ದು ರೆಡ್ಮಿ ನೋಟ್ 5 ಪ್ರೊ ಕೊಂಡವರಿಗೆ. 2018ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ಆ ಫೋನು ಆನ್‌ಲೈನ್ ಸೇಲಿನಲ್ಲಿ ನಿಮಿಷಗಳಲ್ಲಿ ಖಾಲಿಯಾಗುತ್ತಿತ್ತು. ಕಸ್ಟಮ್ ರಾಮ್ ಪ್ರಿಯರಿಗೂ ಅಚ್ಚುಮೆಚ್ಚು. ಅದೇ ವರ್ಷದ ಮಧ್ಯದಲ್ಲಿ ಬಂದ ಎಂಐಯುಐ ಅಪ್‌ಡೇಟ್‌ಗಳಲ್ಲಿ ಆಂಟಿ-ರೋಲ್‌ಬ್ಯಾಕ್ ಎಂಬ ಕಾವಲು ಸೇರಿತು. ಅಪ್‌ಡೇಟ್ ಒಮ್ಮೆ ಕೂತರೆ ಫೋನಿನೊಳಗಿನ ಎಣಿಕೆ 4ಕ್ಕೆ ಏರುತ್ತಿತ್ತು, ಮತ್ತೆ ಇಳಿಯುತ್ತಿರಲಿಲ್ಲ. ಕಸ್ಟಮ್ ರಾಮ್ ಬೇಸರವಾಗಿ ಕಂಪ್ಯೂಟರಿನಲ್ಲಿ ಮೊದಲೇ ಇಳಿಸಿಟ್ಟುಕೊಂಡಿದ್ದ ಹಳೆಯ ಮೂಲ ತಂತ್ರಾಂಶವನ್ನು ಹಾಕಿದವರ ಫೋನು ಕಪ್ಪಾಯಿತು. ಕಂಪನಿಯದೇ ಫೈಲ್, ಕಂಪನಿಯದೇ ಟೂಲ್, ಆದರೂ ಡೆಡ್! ಫಾಸ್ಟ್‌ಬೂಟಿನಲ್ಲಿ 'ಗೆಟ್‌ವಾರ್ ಆಂಟಿ' ಎಂಬ ಒಂದು ಆಜ್ಞೆ ಕೊಟ್ಟು ಎಣಿಕೆ ನೋಡಿಕೊಂಡಿದ್ದರೆ ತಪ್ಪುತ್ತಿತ್ತು, ಆದರೆ ಅದು ಜನಕ್ಕೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಇಡಿಎಲ್‌ಗೆ ಬಂದರೂ ಮುಂದುವರಿಯಲು ಕಂಪನಿ ಅನುಮತಿಸಿದ ಸರ್ವಿಸ್ ಖಾತೆಯ ಲಾಗಿನ್ ಬೇಕಿತ್ತು. ಕಳ್ಳ ಹಳೆಯ ಆವೃತ್ತಿ ಹಾಕಿ ಒಳನುಗ್ಗದಿರಲಿ ಎಂಬ ಉದ್ದೇಶ ಸರಿಯೇ. ಮಾಲೀಕನನ್ನೂ ಕಳ್ಳನ ಸಾಲಿನಲ್ಲೇ ನಿಲ್ಲಿಸಿದ್ದು ನನಗೆ ಸರಿ ಕಾಣುವುದಿಲ್ಲ.

ನಿಜಕ್ಕೂ ಸಾಯುವ ಫೋನುಗಳೂ ಇವೆ. 2012ರ ಗ್ಯಾಲಕ್ಸಿ ನೋಟ್ ಪ್ರಕರಣವನ್ನು ಹಳಬರು 'ಸೂಪರ್‌ಬ್ರಿಕ್' ಎಂದು ಈಗಲೂ ನೆನೆಯುತ್ತಾರೆ. ಆಂಡ್ರಾಯ್ಡ್ 4.0ರ ಕೆಲವು ಕರ್ನೆಲ್‌ಗಳು ಫೋನನ್ನು ಒರೆಸುವಾಗ ಸ್ಟೋರೇಜ್ ಚಿಪ್‌ಗೆ ಅಳಿಸುವ ಆಜ್ಞೆಯೊಂದನ್ನು ಕೊಡುತ್ತಿದ್ದವು. ಆಜ್ಞೆ ಸರಿಯಾದದ್ದೇ. ಆದರೆ ಕೆಲವು ಇಎಂಎಂಸಿ ಚಿಪ್‌ಗಳ ಒಳಗಿನ ಫರ್ಮ್‌ವೇರಿನಲ್ಲಿ ದೋಷವಿದ್ದು, ಅಳಿಸಲು ಹೋಗಿ ಚಿಪ್ಪೇ ಒಂದು ಭಾಗದಲ್ಲಿ ಕಲ್ಲಾಗುತ್ತಿತ್ತು. ಅಲ್ಲಿ ಯಾವ ಬಾಗಿಲಿದ್ದರೂ ಬರೆಯಲು ಜಾಗವೇ ಇಲ್ಲ. ಬುದ್ಧಿವಂತರು ಸತ್ತ ಭಾಗವನ್ನು ಬಿಟ್ಟು ಅದರಾಚೆಗೆ ಹೊಸದಾಗಿ ವಿಭಾಗ ಹಾಕಿ, ಸ್ವಲ್ಪ ಜಾಗ ಕಳೆದುಕೊಂಡರೂ ಕೆಲವು ಫೋನುಗಳನ್ನು ಎಬ್ಬಿಸಿದರು. ಉಳಿದವಕ್ಕೆ ಬೋರ್ಡ್ ಬದಲಾವಣೆಯೇ ಗತಿ.

ಇನ್ನೊಂದು ಬಗೆಯ ಸಾವು ಫೋನು ಆನ್ ಆದಮೇಲೆ ಗೊತ್ತಾಗುತ್ತದೆ. ಎಲ್ಲ ಸರಿಯಿದೆ, ಸಿಗ್ನಲ್ ಮಾತ್ರ ಇಲ್ಲ. *#06# ಒತ್ತಿದರೆ 15 ಅಂಕಿಯ ಐಎಂಇಐ ಜಾಗ ಖಾಲಿ. ಮೀಡಿಯಾಟೆಕ್ ಫೋನಿಗೆ ಆತುರದಲ್ಲಿ 'ಫಾರ್ಮ್ಯಾಟ್ ಆಲ್' ಒತ್ತಿದಾಗ ಎನ್‌ವಿರಾಮ್ ಎಂಬ ವಿಭಾಗ ಅಳಿಸಿಹೋಗುವುದೇ ಇದಕ್ಕೆ ಕಾರಣ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಇಎಫ್‌ಎಸ್. ಆ ವಿಭಾಗ ಪ್ರತಿ ಫೋನಿಗೂ ಬೇರೆ ಬೇರೆ, ಹಾಗಾಗಿ ಇನ್ನೊಂದು ಫೋನಿನದನ್ನು ತಂದು ಹಾಕುವಂತಿಲ್ಲ. ಹಾಕಿದರೆ ಅಪರಾಧ. ಐಎಂಇಐ ತಿದ್ದುವುದನ್ನು ನಿಷೇಧಿಸಿ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ತಂದಿತ್ತು. ಪೆಟ್ಟಿಗೆಯ ಮೇಲಿನ ನಂಬರನ್ನೇ ಮತ್ತೆ ಬರೆಯುವುದಾದರೂ ಬಿಲ್ ನೋಡದೆ ಮುಟ್ಟದ ಅಂಗಡಿಯವರಿದ್ದಾರೆ. ಅಂಥವರ ಹತ್ತಿರವೇ ಹೋಗುವುದು ಒಳ್ಳೆಯದು.

ಫೋಟೊ ಉಳಿಯುತ್ತದೆಯೇ ಎಂಬುದು ಪ್ರತಿ ಗಿರಾಕಿಯ ಕೊನೆಯ ಪ್ರಶ್ನೆ. ಹತ್ತು ವರ್ಷದ ಹಿಂದೆ ಬೋರ್ಡಿನ ಮೇಲಿನ ಸಿಎಂಡಿ, ಸಿಎಲ್‌ಕೆ, ಡ್ಯಾಟ್0 ಬಿಂದುಗಳಿಗೆ ಕೂದಲೆಳೆಯ ತಂತಿ ಬೆಸೆದು, ಬಾಕ್ಸ್ ಒಂದಕ್ಕೆ ಜೋಡಿಸಿ ಸ್ಟೋರೇಜನ್ನು ನೇರ ಓದುತ್ತಿದ್ದರು. ಫೋನು ಏಳದಿದ್ದರೂ ಮದುವೆಯ ಫೋಟೊ ಸಿಗುತ್ತಿತ್ತು. ಈಗಿನ ಫೋನುಗಳ ಡೇಟಾ ಗೂಢಲಿಪಿಯಲ್ಲಿದೆ, ಅದರ ಕೀಲಿ ಪ್ರೊಸೆಸರಿಗೆ ಅಂಟಿಕೊಂಡಿದೆ. ತಂತಿ ಬೆಸೆದು ಓದಿದರೆ ಸಿಗುವುದು ಕಸ. ಹಾಗಾಗಿ ಮೆಕ್ಯಾನಿಕ್ ಮೊದಲೇ ಹೇಳಿಬಿಡುತ್ತಾನೆ: "ಫೋನ್ ಬರುತ್ತೆ, ಡೇಟಾ ಗ್ಯಾರಂಟಿ ಇಲ್ಲ."

ಕೆಲಸ ಮೊದಲಿನಷ್ಟು ಬರುವುದಿಲ್ಲ ಎನ್ನುವುದೂ ಬೆಂಚುಗಳಲ್ಲಿ ಕೇಳುವ ಮಾತು. ರೂಟ್ ಆದ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಓಡಲು ತಕರಾರು ಮಾಡುತ್ತದೆ, ಯುಪಿಐ ಇಲ್ಲದ ಫೋನು ಯಾರಿಗೆ ಬೇಕು? ಹುವಾವೆ 2018ರಲ್ಲೇ ಬೂಟ್‌ಲೋಡರ್ ಅನ್‌ಲಾಕ್ ಕೋಡ್ ಕೊಡುವುದನ್ನು ನಿಲ್ಲಿಸಿತು. ಸ್ಯಾಮ್‌ಸಂಗ್‌ನಲ್ಲಿ ಒಮ್ಮೆ ಬೇರೆ ತಂತ್ರಾಂಶ ಹಾಕಿದರೆ ನಾಕ್ಸ್ ಎಂಬ ಫ್ಯೂಸ್ ಸೊನ್ನೆಯಿಂದ ಒಂದಾಗಿ ಸುಟ್ಟುಹೋಗುತ್ತದೆ, ಮೂಲ ತಂತ್ರಾಂಶ ಮರಳಿ ಹಾಕಿದರೂ ಅದು ತಿರುಗಿ ಸೊನ್ನೆಯಾಗುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಮಾತು ನಡೆದದ್ದು ಬಿಡಿಭಾಗ, ಕೈಪಿಡಿ, ವಾರಂಟಿಗಳ ಸುತ್ತ. ಬೆಂಚಿನವರಿಗೆ ಬೇಕಾದದ್ದು ಸಹಿ ಮಾಡಿದ ಒಂದು ಪುಟ್ಟ ಲೋಡರ್ ಫೈಲ್.

ಅದು ಸಿಗದವರು ಒಂದು ಅಡ್ಡದಾರಿ ಕಂಡುಕೊಂಡಿದ್ದಾರೆ. ಟ್ವೀಜರ್ ಹಿಡಿದು ಫೋನನ್ನು 9008ಕ್ಕೆ ತಂದು, ತಮ್ಮ ಕಂಪ್ಯೂಟರಿನ ಹಿಡಿತವನ್ನು ಎಲ್ಲೋ ಕೂತ ಅಪರಿಚಿತನಿಗೆ ರಿಮೋಟ್ ಮೂಲಕ ಒಪ್ಪಿಸುತ್ತಾರೆ. ಅವನ ಬಳಿ ಅನುಮತಿಯುಳ್ಳ ಖಾತೆಯಿರುತ್ತದೆ. ಯಾರದು, ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. ಹಣ ಮೊದಲೇ ಹೋಗಿರುತ್ತದೆ. ಅವನು ಲಾಗಿನ್ ಆಗಿ, ಫ್ಲ್ಯಾಶ್ ಗುಂಡಿ ಒತ್ತಿ, ಲಾಗೌಟ್ ಆಗುತ್ತಾನೆ. ಗಿರಾಕಿಯ ಬಿಲ್ಲಿನಲ್ಲಿ ಅದು 'ಸಾಫ್ಟ್‌ವೇರ್ ಚಾರ್ಜ್' ಎಂದು ಸೇರುತ್ತದೆ.