ಗಾಯ ಮಾಯ್ದೀತು, ಕಾಗದ ಉಳಿಯಬೇಕು

ಹದಿನಾಲ್ಕನೆಯ ಶತಮಾನದಲ್ಲಿ ಮಂಗಳವೇಢೆಯಲ್ಲಿ ಕಟ್ಟುತ್ತಿದ್ದ ಗೋಡೆಯೊಂದು ಕುಸಿದು ಅನೇಕ ಕೂಲಿಗಳು ಅಸುನೀಗಿದರು. ಅವರಲ್ಲಿ ಸಂತ ಚೋಖಾಮೇಳರೂ ಒಬ್ಬರು. ಎಲುಬುಗಳ ರಾಶಿಯಲ್ಲಿ ಚೋಖಾಮೇಳರ ಎಲುಬು ಯಾವುದೆಂದು ತಿಳಿಯದಿರಲು ಸಂತ ನಾಮದೇವರು ಒಂದೊಂದಕ್ಕೂ ಕಿವಿಗೊಟ್ಟು, ವಿಠ್ಠಲ ನಾಮ ಕೇಳಿಬಂದುದನ್ನು ಆರಿಸಿ ಪಂಢರಪುರಕ್ಕೆ ಒಯ್ದರೆಂದು ನಮ್ಮ ಭಾಗದ ಜನ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಅದು ಸಂತರ ಕಾಲದ ಮಾತು. ಇಂದಿನ ನ್ಯಾಯಾಸನಕ್ಕೆ ಎಲುಬಿನ ಮಾತು ಕೇಳಿಸಬೇಕಾದರೆ ಕ್ಷ-ಕಿರಣದ ಚಿತ್ರವೂ ಡಾಕ್ಟರರ ಕೇಸ್‌ಪೇಪರೂ ಬೇಕು. ಅವಿಲ್ಲದಿದ್ದಲ್ಲಿ ಎಂಥ ನೋವಾದರೂ ಮೂಕವೇ ಸರಿ.

ನಮ್ಮ ನಂದೇಶ್ವರದಂಥ ಊರುಗಳ ಜನಜೀವನವು ರಸ್ತೆಯನ್ನು ನಂಬಿದೆ. ಮಳೆ ಕೈಕೊಟ್ಟ ವರ್ಷ ಜೋಳದ ಹೊಲ ಬಿಟ್ಟು ಕಬ್ಬು ಕಡಿಯಲು ಹೋಗುವವರುಂಟು. ಮಂಗಳವೇಢೆಯ ಮೇಲೆ ಹಾಯುವ 166ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ 52ನೆಯ ಹೆದ್ದಾರಿಯಲ್ಲಿ ನಿತ್ಯವೂ ಸಂಚರಿಸುವವರುಂಟು. ಹೀಗಿರಲು ಅಪಘಾತವೆಂಬುದು ಯಾರ ಮನೆಯ ಬಾಗಿಲನ್ನಾದರೂ ತಟ್ಟಬಹುದು. ದುಡಿಯುವ ಕೈಯೋ ಕಾಲೋ ಮುರಿದ ಮೇಲೆ ಆ ಸಂಸಾರಕ್ಕೆ ಉಳಿಯುವ ಆಸರೆಯೆಂದರೆ ಕಾಯಿದೆ ಕೊಡಿಸುವ ಪರಿಹಾರ. ಆ ಪರಿಹಾರವಾದರೋ ಬಹುಮಟ್ಟಿಗೆ ದವಾಖಾನೆಯ ಕಾಗದಗಳ ಮೇಲೆ ನಿಂತಿರುತ್ತದೆ. ಆದುದರಿಂದ ಈ ವಿಷಯವನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಮೊದಲ ದಿನದ ಮಾತು

ಅಪಘಾತದ ದಾವೆಯಲ್ಲಿ ಎಲ್ಲಕ್ಕೂ ಮಿಗಿಲಾದ ಕಾಗದವೆಂದರೆ ಮೊದಲ ದಿನದ ಕೇಸ್‌ಪೇಪರು. ಗಾಯಾಳುವನ್ನು ಒಳಗೆ ಒಯ್ದಾಗ "ಏನಾಯಿತು?" ಎಂದು ಡಾಕ್ಟರರು ಕೇಳುತ್ತಾರೆ. ಆಗ ಕೊಟ್ಟ ಉತ್ತರವು ತಾರೀಖು ವೇಳೆಗಳೊಡನೆ ಬರೆಯಲ್ಪಡುತ್ತದೆ. ಪೊಲೀಸರ ಗೊಡವೆ ಬೇಡವೆಂದೋ, ಗುದ್ದಿದವನು ಪರಿಚಯದವನೆಂದೋ, ಊರಲ್ಲಿಯೇ ರಾಜಿಯಾದೀತೆಂದೋ ನಮ್ಮವರು ಅನೇಕ ವೇಳೆ "ಮನೆಯಲ್ಲಿ ಜಾರಿಬಿದ್ದ" ಎಂದು ಹೇಳಿಬಿಡುತ್ತಾರೆ. ಎರಡು ತಿಂಗಳಿಗೆ ರಾಜಿ ಮುರಿಯುತ್ತದೆ. ಆಗ ದಾವೆ ಹೂಡುತ್ತಾರೆ. ವಿಮಾ ಕಂಪನಿಯ ವಕೀಲರು ಮೊದಲು ತೆರೆಯುವುದು ಆ ಕೇಸ್‌ಪೇಪರನ್ನೇ. ಗಾಯ ನಿಜ, ಮುರಿತ ನಿಜ, ಗುದ್ದಿದ ವಾಹನವೂ ನಿಜ. ಆದರೆ ಗಾಯಾಳುವಿನ ಬಾಯಿಂದಲೇ ಬಂದ ಒಂದು ಸುಳ್ಳು ಮೂರು ನಿಜಗಳನ್ನೂ ನುಂಗಿಬಿಡುತ್ತದೆ.

ನಮ್ಮ ಶಾಲೆಯ ಪಾಲಕರೊಬ್ಬರ ಪಾಡು ಹೀಗೆಯೇ ಆಯಿತು. ಗುದ್ದಿದವರು ಖರ್ಚನ್ನೆಲ್ಲ ತಾವೇ ಕೊಡುವುದಾಗಿ ನಂಬಿಸಿದ್ದರಿಂದ ಎತ್ತಿನ ಗಾಡಿಯಿಂದ ಬಿದ್ದೆನೆಂದು ಅವರು ಬರೆಸಿದರು. ಹಣ ಒಂದೇ ಕಂತಿಗೆ ನಿಂತಿತು. ಮುಂದೆ ಯಾವ ವಕೀಲರೂ ಆ ಕಾಗದ ನೋಡಿ ಧೈರ್ಯ ಹೇಳಲಿಲ್ಲ.

ಪೊಲೀಸರ ಭಯ ಬೇಡ. ಅಪಘಾತದ ಗಾಯಾಳುವಿಗೆ ಕಾಗದಪತ್ರಗಳ ನೆಪ ಹೇಳದೆ ಕೂಡಲೇ ಉಪಚಾರ ಮಾಡಬೇಕೆಂದು ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ವಿಧಿಸುತ್ತದೆ. ಗಾಯಾಳುವನ್ನು ದವಾಖಾನೆಗೆ ಒಯ್ದ ದಾರಿಹೋಕನಿಗೂ ಕಾಯಿದೆಯ ರಕ್ಷಣೆ ಇದೆ. ಆದುದರಿಂದ ಮೊದಲ ದಿನ ನಡೆದುದನ್ನು ನಡೆದಂತೆಯೇ ಹೇಳಬೇಕು: ಯಾವ ರಸ್ತೆ, ಎಷ್ಟು ಹೊತ್ತಿಗೆ, ಯಾವ ವಾಹನ. ವಾಹನದ ನಂಬರು ತಿಳಿಯದಿದ್ದರೆ ತಿಳಿಯದೆಂದೇ ಹೇಳಬೇಕು. ಗುದ್ದಿ ಓಡಿಹೋದ ವಾಹನ ಸಿಗದಿದ್ದರೂ, ಮೃತಪಟ್ಟಲ್ಲಿ 2 ಲಕ್ಷ, ತೀವ್ರ ಗಾಯವಾದಲ್ಲಿ 50,000 ರೂಪಾಯಿ ಕೊಡುವ ಯೋಜನೆ 1 ಏಪ್ರಿಲ್ 2022ರಿಂದ ಜಾರಿಯಲ್ಲಿದೆ. ಎಲುಬು ಮುರಿದರೆ ಅದು ಕಾಯಿದೆಯ ದೃಷ್ಟಿಯಲ್ಲಿ ತೀವ್ರ ಗಾಯವೇ. ಮುರಿದುದನ್ನು ತೋರಿಸುವುದು ಮಾತ್ರ ಕ್ಷ-ಕಿರಣದ ಚಿತ್ರ.

ನೂರಕ್ಕೆ ಎಷ್ಟು?

ಉಪಚಾರ ಮುಗಿದ ಮೇಲೂ ಊನ ಉಳಿದರೆ ಡಾಕ್ಟರರು ಅದನ್ನು ಶೇಕಡಾ ಲೆಕ್ಕದಲ್ಲಿ ಬರೆದುಕೊಡುತ್ತಾರೆ. ಈ ಅಂಕಿಯ ವಿಷಯದಲ್ಲಿ ಜನರಲ್ಲಿ ತಪ್ಪು ತಿಳುವಳಿಕೆ ಬಹಳ. "ಕಾಲಿಗೆ ಶೇಕಡಾ 45" ಎಂದರೆ ಇಡೀ ದೇಹಕ್ಕೆ 45 ಎಂದಲ್ಲ. ದುಡಿಮೆಯಲ್ಲಿ 45 ನಷ್ಟ ಎಂದೂ ಅಲ್ಲ. ಸರ್ವೋಚ್ಚ ನ್ಯಾಯಾಲಯವು 2010ರ ಅಕ್ಟೋಬರಿನಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಎಂಬ ಪ್ರಕರಣದಲ್ಲಿ ಇದನ್ನು ವಿಶದಪಡಿಸಿತು. ಎಡಗೈ ಕಳೆದುಕೊಂಡ ಬಡಿಗನಿಗೆ ಅಥವಾ ಚಾಲಕನಿಗೆ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಊನವಾದ ಸರಕಾರಿ ಗುಮಾಸ್ತನಿಗೆ ನೌಕರಿ ಉಳಿಯಬಹುದು. ಆದುದರಿಂದ ಊನವೆಷ್ಟು ಎಂಬುದನ್ನು ಡಾಕ್ಟರರು ಹೇಳಬೇಕು, ಅದರಿಂದ ದುಡಿಮೆಗಾದ ನಷ್ಟವೆಷ್ಟು ಎಂಬುದನ್ನು ನ್ಯಾಯಮಂಡಳಿ ನಿರ್ಧರಿಸಬೇಕು ಎಂದು ಆ ತೀರ್ಪು ಹೇಳಿತು. ಉಪಚಾರ ಮಾಡದ ಡಾಕ್ಟರರು ಉದಾರವಾಗಿ ಬರೆದುಕೊಡುವ ಪ್ರಮಾಣಪತ್ರಗಳನ್ನು ಕಣ್ಣುಮುಚ್ಚಿ ನಂಬಕೂಡದೆಂದು ಎಚ್ಚರವನ್ನೂ ಕೊಟ್ಟಿತು. ಉಪಚಾರ ಮಾಡಿದ ಡಾಕ್ಟರರ ಸಾಕ್ಷ್ಯಕ್ಕೆ ಬೆಲೆಯಿರುವುದು ಇದಕ್ಕಾಗಿಯೇ.

ಕರ್ನಾಟಕದ ಒಂದು ಪ್ರಕರಣ ಇಲ್ಲಿ ನೆನೆಯತಕ್ಕದ್ದು. 2008ರ ಅಪಘಾತದಲ್ಲಿ ತರುಣ ತರಕಾರಿ ವ್ಯಾಪಾರಿಯೊಬ್ಬರ ಬಲಗಾಲನ್ನು ಕತ್ತರಿಸಬೇಕಾಯಿತು. ತರಕಾರಿ ಮಾರುವುದಕ್ಕೆ ಅಷ್ಟೊಂದು ಓಡಾಟ ಬೇಡವೆಂಬ ವಾದ ಬಂದಾಗ, ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಅದನ್ನು ಒಪ್ಪಲಿಲ್ಲ. ಸಗಟು ಮಾರುಕಟ್ಟೆಯಿಂದಲೋ ರೈತರಿಂದಲೋ ಮಾಲು ತರಬೇಕು, ಗಾಡಿಯಲ್ಲಿಟ್ಟು ತಿರುಗಬೇಕು. ಕಾಲಿಲ್ಲದೆ ಅದು ಹೇಗೆ ಎಂದು ವಿಚಾರಿಸಿ, ದುಡಿಮೆಯ ನಷ್ಟವನ್ನು ಶೇಕಡಾ 85 ಎಂದು ಎಣಿಸಿತು. ವೃತ್ತಿಯ ವಿವರವೂ ವೈದ್ಯಕೀಯ ದಾಖಲೆಯೂ ಜೊತೆಗೂಡಿದಾಗ ಇಂಥ ನ್ಯಾಯ ದೊರೆಯುತ್ತದೆ.

ಅಂಕಿಯ ಬೆಲೆಯನ್ನು ಶಾಲೆಯ ಲೆಕ್ಕದಂತೆ ಬಿಡಿಸಿ ನೋಡೋಣ. 38 ವಯಸ್ಸಿನ ಒಬ್ಬನ ತಿಂಗಳ ದುಡಿಮೆ 12,000 ರೂಪಾಯಿ ಎನ್ನಿರಿ, ವರ್ಷಕ್ಕೆ 1,44,000. ದುಡಿಮೆಯ ನಷ್ಟ ಶೇಕಡಾ 30 ಎಂದಾದರೆ 43,200. ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಹಾಕಿಕೊಟ್ಟ ಕೋಷ್ಟಕದಲ್ಲಿ ಈ ವಯಸ್ಸಿನ ಗುಣಕ 15. ಗುಣಿಸಿದರೆ 6,48,000. ದಾಖಲೆಗಳು ಸಾಲದೆ ನಷ್ಟ ಶೇಕಡಾ 10 ಎಂದು ತೀರ್ಮಾನವಾದರೆ ಬರುವುದು 2,16,000 ಮಾತ್ರ. ಉಪಚಾರದ ಖರ್ಚು, ನೋವು, ಆರೈಕೆ, ಮುಂದಿನ ಚಿಕಿತ್ಸೆ ಇವೆಲ್ಲ ಬೇರೆ. ಮುಂದೆ ದುಡಿಮೆ ಹೆಚ್ಚಬಹುದಾದುದಕ್ಕೆ ಸೇರಿಸುವ ಅಂಶವನ್ನು ಸರಳತೆಗಾಗಿ ಬಿಟ್ಟಿದ್ದೇವೆ.

ಇನ್ನು ವಯಸ್ಸಿನ ಮಾತು. 50 ವಯಸ್ಸಿಗೆ ಗುಣಕ 13, 51ಕ್ಕೆ 11. ಅದೇ 43,200ಕ್ಕೆ ಒಂದು ವರ್ಷದ ಅಂತರದಿಂದ 86,400 ರೂಪಾಯಿ ವ್ಯತ್ಯಾಸ ಬೀಳುತ್ತದೆ. ದವಾಖಾನೆಯಲ್ಲಿ ಅವಸರದಲ್ಲಿ "ಐವತ್ತೈದು ಇದ್ದಾವು" ಎಂದು ಬರೆಸಿದ ವಯಸ್ಸಿಗೂ ಶಾಲೆಯ ದಾಖಲೆಯ ವಯಸ್ಸಿಗೂ ಹೊಂದಿಕೆಯಾಗದಿದ್ದರೆ ತಕರಾರು ತಪ್ಪದು. ಹಳೆಯ ವಿದ್ಯಾರ್ಥಿಗಳು ದಾಖಲೆ ಕೇಳಿ ಶಾಲೆಗೆ ಬರುವುದು ಇಂಥ ಸಂದರ್ಭದಲ್ಲಿಯೇ. ಅದನ್ನು ಮೊದಲೇ ಪಡೆದು ಮನೆಯಲ್ಲಿಟ್ಟಿರುವುದು ಲೇಸು.

ಗಡಿನಾಡಿನ ತೊಡಕು

ಗಡಿಯ ಜನರಾದ ನಮಗೆ ಮತ್ತೊಂದು ತೊಡಕುಂಟು. ಅಪಘಾತ ಕರ್ನಾಟಕದಲ್ಲಿ, ಮನೆ ಮಹಾರಾಷ್ಟ್ರದಲ್ಲಿ. ಮೊದಲ ಉಪಚಾರ ವಿಜಯಪುರದಲ್ಲಿ, ಶಸ್ತ್ರಚಿಕಿತ್ಸೆ ಸೊಲ್ಲಾಪುರದಲ್ಲೋ ಮಿರಜಿನಲ್ಲೋ. ದಾವೆ ಎಲ್ಲಿ ಹೂಡಬೇಕೆಂದು ಜನ ಕಂಗೆಡುತ್ತಾರೆ. ಅಪಘಾತವಾದ ಸ್ಥಳದ ನ್ಯಾಯಮಂಡಳಿ, ಅರ್ಜಿದಾರನು ವಾಸಿಸುವ ಅಥವಾ ಉದ್ಯೋಗ ಮಾಡುವ ಸ್ಥಳದ ನ್ಯಾಯಮಂಡಳಿ, ಎದುರುಪಕ್ಷದವನು ವಾಸಿಸುವ ಸ್ಥಳದ ನ್ಯಾಯಮಂಡಳಿ, ಇವುಗಳಲ್ಲಿ ಯಾವುದನ್ನಾದರೂ ಆರಿಸುವ ಹಕ್ಕನ್ನು 166ನೆಯ ಕಲಮು ಗಾಯಾಳುವಿಗೆ ಕೊಟ್ಟಿದೆ. ವಿಜಯಪುರದ ರಸ್ತೆಯಲ್ಲಿ ಬಿದ್ದವರು ತಮ್ಮ ಜಿಲ್ಹೆಯಲ್ಲಿಯೇ ನ್ಯಾಯ ಕೇಳಬಹುದು. ಆದರೆ ಅಲ್ಲಿಯ ಪೊಲೀಸರ ಕನ್ನಡ ಪಂಚನಾಮೆಯನ್ನು ಇಲ್ಲಿಯ ಕೋರ್ಟಿಗೆ ಒಪ್ಪಿಸುವಾಗ ಅನುವಾದ ಜೊತೆಗಿರಬೇಕಾಗುತ್ತದೆ.

ಹೆಸರಿನ ಪೇಚಾಟ ಇದಕ್ಕಿಂತ ದೊಡ್ಡದು. ಕನ್ನಡದಲ್ಲಿ ಮಲ್ಲಪ್ಪ, ಮರಾಠಿಯಲ್ಲಿ ಮಲ್ಲಾಪ್ಪಾ, ಇಂಗ್ಲಿಷಿನಲ್ಲಿ ಮತ್ತೊಂದು ರೂಪ. ಒಂದೆಡೆ ತಂದೆಯ ಹೆಸರು, ಇನ್ನೊಂದೆಡೆ ಅಡ್ಡಹೆಸರು. ಮೂರು ದವಾಖಾನೆಗಳ ಕಾಗದದಲ್ಲಿ ಮೂವರು ಮನುಷ್ಯರಾಗಿ ನಿಲ್ಲುವ ಪ್ರಸಂಗ ಬರುತ್ತದೆ. ಆಧಾರ ಚೀಟಿಯಲ್ಲಿದ್ದಂತೆಯೇ ಎಲ್ಲೆಡೆ ಬರೆಸುವುದು, ಭರ್ತಿಯಾದ ದಿನವೇ ಓದಿ ನೋಡಿ ತಿದ್ದಿಸುವುದು ಮನೆಯ ವಿದ್ಯಾವಂತ ಮಕ್ಕಳ ಕೆಲಸ.

ಮನೆಯವರು ಮಾಡತಕ್ಕದ್ದು

ಬಿಡುಗಡೆ ಪತ್ರ, ಚಿತ್ರಗಳು, ಔಷಧಿ ಚೀಟಿಗಳು, ಅವುಗಳ ರಸೀದಿಗಳು, ಮರುತಪಾಸಣೆಯ ಕಾಗದಗಳು ಇವನ್ನೆಲ್ಲ ತಾರೀಖಿನ ಕ್ರಮದಲ್ಲಿ ಒಂದೇ ಕಡತದಲ್ಲಿಡಬೇಕು. ಔಷಧಿ ಅಂಗಡಿಯ ನುಣುಪು ಕಾಗದದ ರಸೀದಿಯ ಅಕ್ಷರಗಳು ಕೆಲವು ತಿಂಗಳಲ್ಲಿ ಅಳಿಸಿಹೋಗುತ್ತವೆ. ಬೇಗನೆ ನಕಲು ತೆಗೆಸಬೇಕು. ಮರುತಪಾಸಣೆಗೆ ಹೋಗದೆ ನಡುವೆ ಆರು ತಿಂಗಳು ಬಿಟ್ಟರೆ, ಅಷ್ಟರಲ್ಲಿ ಗುಣವಾಗಿತ್ತೆಂದು ಎದುರುಪಕ್ಷ ವಾದಿಸುತ್ತದೆ. ಮೂಲಪ್ರತಿಯನ್ನು ಯಾರಿಗೂ ನಕಲಿಲ್ಲದೆ ಕೊಡಕೂಡದು.

ಕಾಗದ ಕಳೆದರೆ ನಿರಾಶರಾಗಬೇಕಿಲ್ಲ. ಭರ್ತಿಯಾದ ರೋಗಿಗಳ ದಾಖಲೆಗಳನ್ನು ಉಪಚಾರ ಆರಂಭವಾದಂದಿನಿಂದ ಮೂರು ವರ್ಷ ಕಾದಿಡಬೇಕು, ರೋಗಿ ಕೇಳಿದಲ್ಲಿ 72 ಗಂಟೆಗಳೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿನೀತಿಯ 2002ರ ನಿಯಮಾವಳಿ ಹೇಳುತ್ತದೆ. ಅರ್ಜಿಯನ್ನು ಬರಹದಲ್ಲಿ ಕೊಟ್ಟು, ಮುಟ್ಟಿದ ಸಹಿ ಪಡೆಯಬೇಕು. ದಾವೆಗೂ ಅವಧಿಯುಂಟು. 2022ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕು. ಈ ನಿಯಮವನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿವೆಯಾದರೂ, ಅವಧಿಯೊಳಗೇ ಸಲ್ಲಿಸುವುದು ಕ್ಷೇಮ.

ಕೊನೆಗೊಂದು ಮಾತು. ಇಲ್ಲದ ಗಾಯ ಬರೆಸುವುದು, ಹಳೆಯ ಊನವನ್ನು ಹೊಸದೆನ್ನುವುದು, ಶೇಕಡಾ ಅಂಕಿಯನ್ನು ಹಣ ಕೊಟ್ಟು ಏರಿಸುವುದು, ಇವು ನಿಜವಾದ ಗಾಯಾಳುವಿನ ತಟ್ಟೆಯಿಂದ ಅನ್ನ ಕಸಿಯುವ ಕೃತ್ಯಗಳು. ಒಬ್ಬನ ಸುಳ್ಳು ಕಾಗದದಿಂದ ಹತ್ತು ಜನರ ನಿಜ ಕಾಗದದ ಮೇಲೂ ಸಂಶಯ ಬೀಳುತ್ತದೆ. ಮೊದಲ ದಿನ ಸತ್ಯ ಹೇಳಿ, ಕೊನೆಯ ದಿನದವರೆಗೆ ಕಾಗದ ಕಾಯ್ದುಕೊಂಡ ಬಡವನು ದೊಡ್ಡ ಕಂಪನಿಯ ಮುಂದೆಯೂ ತಲೆಯೆತ್ತಿ ನಿಲ್ಲಬಲ್ಲನು. ನಮ್ಮ ಮನೆಮನೆಗಳಲ್ಲಿ ಹೊಲದ ಉತಾರೆಯನ್ನು ಎಷ್ಟು ಜೋಪಾನವಾಗಿ ಇಡುತ್ತೇವೆಯೋ ಅಷ್ಟೇ ಜೋಪಾನವಾಗಿ ದವಾಖಾನೆಯ ಕಾಗದವನ್ನೂ ಇಡುವ ರೂಢಿ ಬರಲೆಂದು ಹಾರೈಸುತ್ತೇವೆ.